ಬಾಯಿ ಕಟ್ಟಿದ ಗಿಂಡಿ

"ಅದೊಂದು ಬ್ಯಾಡ್ರಿ ಬಾಯಿಸಾಬ. ಬ್ಯಾರೆ ಏನರ ತಗೋರಿ."

ಮಶಾಕನ ದನಿ ಒಮ್ಮೆಲೇ ತಗ್ಗಿತು. ಅಲ್ಲಿಯವರೆಗೆ ಆತ ಒಂದೊಂದೇ ಸಾಮಾನು ಎತ್ತಿ, ಇದು ಇಂಥ ದೇಶಮುಖರ ಮನೆಯದು, ಇದು ಇಂಥ ನವಾಬರ ದಿವಾನಖಾನೆಯದು ಎಂದು ಹೊಗಳುತ್ತಿದ್ದ. ಶಹಾಬಾದ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿದ್ದ ಅವನ ಹಳೇ ಸಾಮಾನಿನ ಅಂಗಡಿಗೆ ಕಿಟಕಿಯಿರಲಿಲ್ಲ. ನಿಜಾಮನ ಕಾಲ ಮುಗಿದು ಜಾಗೀರು ಹೋದ ಮೇಲೆ ವಾಡೆಗಳಿಂದ ಹೊರಬಿದ್ದ ಹಂಡೆ, ಕಂದೀಲು, ಕನ್ನಡಿ, ತೊಟ್ಟಿಲ ಸರಪಳಿಗಳೆಲ್ಲ ಅಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಕತ್ತಲೆಗೆ ಕಿಲುಬಿನ ವಾಸನೆ ಹತ್ತಿತ್ತು.

ಪದ್ಮಾಬಾಯಿ ಕೈಯಲ್ಲಿ ಹಿಡಿದಿದ್ದು ಒಂದು ತಾಮ್ರದ ಗಿಂಡಿ. ದುಂಡು ಹೊಟ್ಟೆ, ಸಣ್ಣ ಕುತ್ತಿಗೆ, ಹಕ್ಕಿಯ ಕೊಕ್ಕಿನಂಥ ಮೂತಿ. ಹೊಟ್ಟೆಯ ಸುತ್ತ ಬಳ್ಳಿಯ ಕೆತ್ತನೆ. ಬಾಯಿಗೂ ಮೂತಿಗೂ ಕರಿಯ ದಾರ ಸುತ್ತಿ, ಮೇಲೆ ಅರಗು ಸುರಿದು ಮುಚ್ಚಿಬಿಟ್ಟಿದ್ದರು.

"ಯಾಕ್ರೀ ಮಶಾಕಸಾಬ್ರ, ತೂತು ಬಿದ್ದದೇನು?"

"ತೂತಿಲ್ರಿ. ಬಾಯಿ ಕಟ್ಯಾರ."

"ಕಟ್ಟಿದ್ರ ಬಿಚ್ಚಿದ್ರಾತು."

"ಹಂಗಲ್ರಿ." ಮಶಾಕ ಬಾಗಿಲ ಕಡೆ ನೋಡಿದ. "ಸುಲೇಪೇಟ ಕಡಿ ಒಂದು ವಾಡೇದ ಬಾವಿ ಹೂಳು ತಗೀವಾಗ ಸಿಕ್ಕದ್ದು. ಭಾನಾಮತಿ ಮಾಟದ ಸಾಮಾನು ಅಂತಾರ ಮಂದಿ. ಒಯ್ಯೂದಾದ್ರ ಒಯ್ರಿ, ಮೂಲ್ಯಾಗ ಇಟಗೋರಿ. ಊಟದ ಮುಂದ ಮಾತ್ರ ಇಡಬ್ಯಾಡ್ರಿ."

ಪದ್ಮಾ ನಕ್ಕುಬಿಟ್ಟಳು. ಊಟದ ಮುಂದೆ ಇಡಲಿಕ್ಕೆಂದೇ ಆಕೆ ಅಂಥದೊಂದನ್ನು ಹುಡುಕಿಕೊಂಡು ಬಂದಿದ್ದಳು. "ಇದೇನು ನಮ್ಮ ಪಾಲಿನ ಹೋಳಿಗಿ ತಿಂತದೇನ್ರಿ?"

"ತಿನ್ನೂದಿಲ್ರಿ," ಎಂದ ಮಶಾಕ. "ತಿನ್ನಗೊಡೂದಿಲ್ಲ."

ಉಳಿದ ಸಾಮಾನುಗಳನ್ನು ಆತ ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ. ಗಿಂಡಿಯನ್ನು ಮಾತ್ರ ಪದ್ಮಾಳೇ ಎತ್ತಿಕೊಳ್ಳಬೇಕಾಯಿತು. ಆತ ಅದನ್ನು ಮುಟ್ಟಲಿಲ್ಲ.

ಪದ್ಮಾ ಹುಬ್ಬಳ್ಳಿಯವಳು. ಏಕಾದಶಿ, ಮಡಿ, ಮುಸುರೆ ಎಂದು ದಿನ ಎಣಿಸುವ ಮನೆಯಲ್ಲಿ ಹುಟ್ಟಿ, ಕಾಲೇಜಿಗೆ ಹೋಗಿ, ದೆವ್ವ ಎಂದರೆ ನಗುವುದನ್ನು ಕಲಿತವಳು. ಗಂಡ ನರಸಿಂಹರಾಯನಿಗೆ ಒಂದು ಕಲ್ಲಿನ ಕಂಪನಿಯಲ್ಲಿ ಮ್ಯಾನೇಜರ್ ಕೆಲಸ ಸಿಕ್ಕು, ಆ ಚಳಿಗಾಲದಲ್ಲಿ ಶಹಾಬಾದಿಗೆ ಬಂದಿದ್ದರು. ಕಂಪನಿಯ ಬಂಗಲೆಯಲ್ಲಿ ನೆಲ, ಗೋಡೆ, ಮಾಳಿಗೆ ಎಲ್ಲವೂ ಅಲ್ಲಿಯದೇ ಫರಸಿ ಕಲ್ಲು. ಊಟದ ಮೇಜು ಕೂಡ ಅದೇ. ಗಣಿಯಿಂದ ಬಂದ ಒಂದೇ ಹಾಸುಗಲ್ಲನ್ನು ಕನ್ನಡಿಯಂತೆ ತಿಕ್ಕಿ, ಸಾಗವಾನಿ ಕಾಲುಗಳ ಮೇಲೆ ಕೂಡಿಸಿದ್ದರು. ಒಣಗಿದಾಗ ಬೂದಿ ಬಣ್ಣ, ನೀರು ಬಿದ್ದಲ್ಲಿ ಕಪ್ಪು.

ಆ ಮೇಜಿನ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರೀತಿ ಮಗಳು ಗೋದಾವರಿಗೆ. ಅವಳಿಗೆ ನಾಲ್ಕು ತುಂಬಿತ್ತು. ಅವಳಿಗಿಂತ ಮೊದಲು ಹೊಟ್ಟೆಯಲ್ಲೇ ಹೋದ ಕೂಸುಗಳ ಮಾತನ್ನು ಪದ್ಮಾ ಯಾರ ಮುಂದೆಯೂ ಆಡುತ್ತಿರಲಿಲ್ಲ. ಗೋದಿ ಉಳಿದಳು, ಅಷ್ಟೇ ಸಾಕು. ಉಳಿದದ್ದಷ್ಟೇ ಅಲ್ಲ, ಎದ್ದಾಗಿನಿಂದ ಮಲಗುವತನಕ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ಅಂಚೆಯವನನ್ನು ಕರೆದು ಕೂಡಿಸುವಳು, ಬೆಕ್ಕಿಗೆ ಬುದ್ಧಿ ಹೇಳುವಳು. ತುತ್ತು ನುಂಗುವ ಮೊದಲೇ ಮುಂದಿನ ಮಾತು ಹೊರಬೀಳುತ್ತಿತ್ತು. ಎತ್ತರದ ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತ ಕೂತು ಅವಳು ಉಣ್ಣುವುದನ್ನು ನೋಡುವಾಗ ಪದ್ಮಾಳಿಗೆ ತಾನು ಉಂಡದ್ದು ಮರೆತುಹೋಗುತ್ತಿತ್ತು.

ಅಮಾವಾಸ್ಯೆ ಕಳೆದ ಆದಿತ್ಯವಾರ ಕಂಪನಿಯ ದೊಡ್ಡ ಸಾಹೇಬರೂ ಅವರ ಹೆಂಡತಿಯೂ ಊಟಕ್ಕೆ ಬರುವವರಿದ್ದರು. ಹಿಂದಿನ ದಿನವೇ ಪದ್ಮಾ ಮೇಜು ಅಣಿಗೊಳಿಸಲು ತೊಡಗಿದಳು. ಮುಂಬಯಿಯ ಮಾಸಪತ್ರಿಕೆಯೊಂದರಲ್ಲಿ ಆಕೆ ಅಂಥ ಚಿತ್ರಗಳನ್ನು ನೋಡಿದ್ದಳು. ತಾಯಿಯ ಹಳೆಯ ಇಳಕಲ್ ಸೀರೆಯ ಸೆರಗನ್ನು ಕತ್ತರಿಸಿ ಮೇಜಿನ ಉದ್ದಕ್ಕೂ ಹಾಸಿದಳು. ಒಂದು ತುದಿಗೆ ಬಿದರಿಯ ಗುಲಾಬದಾನಿ. ಕಡಲೆಕಾಯಿ ಎಣ್ಣೆ ಹಚ್ಚಿ ಒರೆಸಿದಾಗ ಕರಿಯ ಮೈಯೊಳಗಿಂದ ಬೆಳ್ಳಿಯ ಹೂ ಎದ್ದು ಬಂತು. ಇನ್ನೊಂದು ತುದಿಗೆ ಎಲೆ ಅಡಿಕೆ ಇಡುವ ಹಿತ್ತಾಳೆಯ ಪಾನದಾನ, ಅದರ ಬಟ್ಟಲುಗಳ ತುಂಬ ಸೇವಂತಿಗೆ. ನಡುವೆ ಎತ್ತರದ್ದೊಂದು ಬೇಕು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ಗಿಂಡಿ ಎಳೆಯ ಬಿಸಿಲಿನಂತೆ ಹೊಳೆಯುತ್ತಿತ್ತು.

ಮನೆಗೆಲಸದ ಅನಸುಬಾಯಿ ಒದ್ದೆ ಬಟ್ಟೆ ಹಿಡಿದು ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತಳು.

"ಅಮ್ಮಾರ, ಅದನ್ನ ಬಿಚ್ಚಬ್ಯಾಡ್ರಿ. ಅದರಾಗ ಯಾರದೋ ಬಾಯಿ ಅದ."

"ನಿನ್ನ ಬಾಯೊಂದು ಸುಮ್ಮನಿದ್ರ ಸಾಕಾಗೇದ ನನಗ," ಎಂದು ಪದ್ಮಾ ಹೆಣಿಗೆಯ ಸೂಜಿಯಿಂದ ಅರಗನ್ನು ಒಡೆದಳು.

ಕರಿಯ ದಾರ ಕಡಿಯಿತು. ಒಳಗಿಂದ ಗಾಳಿ ಹೊರಬಂದಿತು. ಯಾರೋ ಬಹಳ ಹೊತ್ತಿನಿಂದ ಬಿಗಿಹಿಡಿದ ಉಸಿರು ಬಿಟ್ಟಂತೆ. ಜೊತೆಗೊಂದು ವಾಸನೆ. ಪದ್ಮಾಳಿಗೆ ಅದರ ಗುರುತಿತ್ತು: ಏಕಾದಶಿಯ ಮರುದಿನ ಬೆಳಗ್ಗೆ, ಪಾರಣೆಗೆ ಮೊದಲು ಅಜ್ಜಿ ಮುಖದ ಹತ್ತಿರ ಬಂದು ಮಾತಾಡಿದರೆ ಬರುತ್ತಿದ್ದ ಹಸಿದ ಬಾಯಿಯ ವಾಸನೆ. ಗಿಂಡಿಯನ್ನು ಬೋರಲು ಮಾಡಿದಳು. ಕೂದಲು ಸುತ್ತಿದ, ಕಲ್ಲಿನಂತೆ ಒಣಗಿದ ನಿಂಬೆಹಣ್ಣೊಂದು ಬಿತ್ತು. ಅದಕ್ಕೆ ಅಡ್ಡಲಾಗಿ ಜಾಲಿಯ ಮುಳ್ಳು ಚುಚ್ಚಿತ್ತು. ಪದ್ಮಾ ಅದನ್ನು ಮೋರಿಗೆ ಎಸೆದು ಕೈ ತೊಳೆದುಕೊಂಡಳು. ಗಿಂಡಿಗೆ ನೀರು ತುಂಬಿ, ಜೋಳದ ತೆನೆಗಳನ್ನೂ ಚೆಂಡು ಹೂಗಳನ್ನೂ ಸಿಗಿಸಿದಳು. ಚಿತ್ರದಲ್ಲಿದ್ದುದಕ್ಕಿಂತ ಚೆನ್ನಾಗಿ ಕಂಡಿತು.

ಅನಸುಬಾಯಿ ಅಂದು ಸಂಜೆ ಹೋದವಳು ಮತ್ತೆ ಕೆಲಸಕ್ಕೆ ಬರಲಿಲ್ಲ.

"ಎಷ್ಟು ಛಂದ ಇಟ್ಟೀರಿ!" ಎಂದರು ಸಾಹೇಬರ ಹೆಂಡತಿ. "ಹಳೇ ಸಾಮಾನಿಗೂ ಒಂದು ಕಳೆ ಇರ್ತದ ನೋಡ್ರಿ."

ಪದ್ಮಾ ಹಿಗ್ಗಿದಳು. ಹೋಳಿಗೆಯ ಮೇಲೆ ತುಪ್ಪ ಸುರಿದಳು. ಕಟ್ಟಿನ ಸಾರಿನ ಘಮ, ಎಣ್ಣೆಗಾಯಿ, ನಿಂಬೆಯ ಚಿತ್ರಾನ್ನ. ಎಲ್ಲರೂ ಕೈಹಾಕಿದರು. ಸಾಹೇಬರು ಹೋಳಿಗೆ ಮುರಿದರು. ಕೈ ತುಟಿಯ ತನಕ ಹೋಯಿತು. ಅಲ್ಲೇ ನಿಂತಿತು.

ಅವರು ನಕ್ಕು, ತುಣುಕನ್ನು ತಾಟಿಗೆ ಇಳಿಸಿದರು. ನೀರು ಕುಡಿಯಲು ಲೋಟ ಎತ್ತಿ ಅದನ್ನೂ ಇಳಿಸಿದರು. ಅವರ ಹೆಂಡತಿ ಅನ್ನ ಕಲಸುತ್ತಲೇ ಇದ್ದರು. ನರಸಿಂಹರಾಯನ ಹಣೆ ಬೆವತಿತ್ತು. ಹೇಳಿಕೊಳ್ಳುವಂಥದೇ ಅಲ್ಲ ಅದು. ಹಸಿವು ಇತ್ತು, ಊಟ ಮುಂದಿತ್ತು, ಬಾಯಿ ಮಾತ್ರ ತಮ್ಮದಾಗಿರಲಿಲ್ಲ.

ಆ ಮೌನದಲ್ಲಿ ಸಣ್ಣ ಸದ್ದೊಂದು ಕೇಳಿಸತೊಡಗಿತು. ಒಣ ನಾಲಿಗೆ ಒಣ ತುಟಿಯನ್ನು ಸವರುವ ಸದ್ದು. ಮೇಜಿನ ನಡುವಿನಿಂದ.

ಗೋದಿ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದಳು. ಗಿಂಡಿಯ ಹಿಂದೆ ಯಾರನ್ನೋ ನೋಡುತ್ತಿದ್ದಳು.

"ಅವ್ವಾ, ಆಕಿ ಅಳ್ಲಿಕತ್ತಾಳ. ಆಕಿಗ್ಯಾಕ ಬಡಸಿಲ್ಲ?"

"ಯಾರಿಗೆ?"

ಗೋದಿ ಹೇಳಲು ಬಾಯಿ ತೆರೆದಳು. ಹಲ್ಲು ಕಟ್ಟೆಂದು ಮುಚ್ಚಿಕೊಂಡವು. ಪೆಟ್ಟಿಗೆಯ ಮುಚ್ಚಳ ಬಿದ್ದ ಹಾಗೆ.

ಮೇಜು ಬಿಟ್ಟೆದ್ದ ಮೇಲೆ ದೊಡ್ಡವರ ಬಾಯಿ ಅವರದಾಯಿತು. ಗೋದಿಯ ಬಾಯಿ ಮಾತ್ರ ಮತ್ತೆ ತೆರೆಯಲಿಲ್ಲ.

ಡಾಕ್ಟರರು ಮೊದಲು ಧನುರ್ವಾಯು ಎಂದರು. ಆಮೇಲೆ ಅಲ್ಲವೆಂದರು. ಗುಲಬರ್ಗಾದ ದೊಡ್ಡ ಡಾಕ್ಟರರು ದವಡೆ ಒತ್ತಿ ನೋಡಿ, ಮೂಳೆಯಲ್ಲಿ ಏನೂ ಇಲ್ಲ, ಹುಡುಗಿ ಹಟ ಹಿಡಿದಿದ್ದಾಳೆ ಎಂದರು. ಮೂಗಿನಲ್ಲಿ ನಳಿಗೆ ಇಳಿಸಿ ಸಕ್ಕರೆ ನೀರು, ಹಾಲು ಹಾಕುವುದನ್ನು ಕಲಿಸಿ ಕಳಿಸಿದರು. ಗೋದಿಯ ಕೆನ್ನೆ ಒಳಸೇರಿತು. ಮೊಣಕೈ ಮೊನಚಾದವು. ಅನ್ನ ಬೇಯುವ ವಾಸನೆ ಬಂದರೆ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಹಟವಿಲ್ಲ, ಗದ್ದಲವಿಲ್ಲ. ಬರೇ ನೀರು. ಪದ್ಮಾ ಅವಳ ತುಟಿಗೆ ಬೆರಳಿನಿಂದ ಜೇನು ಹಚ್ಚುತ್ತಿದ್ದಳು. ಅದು ಗಲ್ಲದಿಂದ ಇಳಿದು ಅಂಗಿಗೆ ಅಂಟಿಕೊಳ್ಳುತ್ತಿತ್ತು.

ಗಿಂಡಿಯನ್ನು ಒಯ್ದು ನೀರು ನಿಂತ ಹಳೆಯ ಗಣಿಯಲ್ಲಿ ಎಸೆದು ಬಂದಳು. ಅದು ಮುಳುಗುವುದನ್ನು ಕಣ್ಣಾರೆ ನೋಡಿದಳು. ಮನೆಗೆ ಬಂದರೆ ಊಟದ ಮೇಜಿನ ನಡುವೆ, ಫರಸಿಯ ಮೇಲೆ, ಗಿಂಡಿಯ ತಳದಷ್ಟೇ ದುಂಡನೆಯ ಒದ್ದೆ ಬಳೆ. ಒರೆಸಿದಳು. ಮೂಡಿತು. ಬಿಸಿಲಿಗೆ ಕಿಟಕಿ ತೆರೆದಳು. ಸುತ್ತಲಿನ ಕಲ್ಲು ಬೂದಿ ಬಣ್ಣಕ್ಕೆ ತಿರುಗಿತು, ಬಳೆ ಮಾತ್ರ ಕಪ್ಪಗೆ, ಹಸಿಯಾಗಿ ಉಳಿಯಿತು.

ಅಂದು ಪದ್ಮಾಳ ನಗು ನಿಂತಿತು. ಮಶಾಕನ ಹತ್ತಿರ ಓಡಿದಳು. ಆತ ಬೈಯಲಿಲ್ಲ, ಕೇಳಲಿಲ್ಲ. ಸುಲೇಪೇಟ ದಾಟಿದ ಮೇಲೆ ಆ ವಾಡೆ ಎಲ್ಲಿದೆ ಎಂದು ಹೇಳಿ, "ಮುದುಕಿ ಒಬ್ಬಾಕಿ ಉಳದಾಳ್ರಿ, ಸುಂದರಬಾಯಿ ಅಂತ. ಬಾಯಿ ಭಾಳ ಕೆಟ್ಟದ್ದು. ಬೈದ್ರ ಬೈಸಿಗೋರಿ," ಎಂದ.

ಸೇಡಂನಲ್ಲಿ ಬಸ್ಸು ಬದಲಿಸಿ ಪದ್ಮಾ ಅಲ್ಲಿಗೆ ಮುಟ್ಟಿದಾಗ ಇಳಿಹೊತ್ತು. ಅರ್ಧ ಬಿದ್ದ ವಾಡೆಯ ಪಡಸಾಲೆಯಲ್ಲಿ, ಕಂಬದ ನೆರಳಿನಲ್ಲಿ ಮುದುಕಿ ಕೂತಿದ್ದಳು. ಮಡಿಲಲ್ಲಿ ಚುರುಮುರಿ, ಪುಟಾಣಿ. ಒಂದೊಂದೇ ಬಾಯಿಗೆ ಹಾಕಿ, ಹಲ್ಲಿಲ್ಲದ ದವಡೆಯಲ್ಲಿ ಅರೆಯುತ್ತಿದ್ದಳು. ನಿಲ್ಲಿಸುತ್ತಲೇ ಇರಲಿಲ್ಲ.

"ಶಹಾಬಾದಿಂದ ಬಂದೀನ್ರಿ. ಒಂದು ತಾಮ್ರದ ಗಿಂಡಿ..."

ದವಡೆ ನಿಂತಿತು. ಮುದುಕಿ ಗಾಬರಿಯಿಂದ ಹಿಡಿ ಚುರುಮುರಿ ಬಾಯಿಗೆ ತುಂಬಿಕೊಂಡಳು. ಮತ್ತೆ ಅರೆಯತೊಡಗಿದಳು, ಮೊದಲಿಗಿಂತ ಜೋರಾಗಿ.

"ಬಾವಿಗೆ ಹಾಕಿದ್ದು ಬಾವಿಯಾಗೇ ಇರಬೇಕಿತ್ತು. ಬಿಚ್ಚಿದೇನು?"

"ಬಿಚ್ಚಿದೆ."

"ಬಿಚ್ಚಿ ಏನು ಇಟ್ಟಿ ಅದರಾಗ?"

"ಹೂವು. ಜೋಳದ ತೆನಿ. ಊಟದ ಮೇಜಿನ ಮ್ಯಾಲೆ ಇಟ್ಟೆ."

ಮುದುಕಿ ಕೆಮ್ಮಿದಂತೆ ನಕ್ಕಳು. "ಹುಬ್ಬಳ್ಳಿ ಕಡಿಯಾಕೇನು? ಮಾತಿನ್ಯಾಗೇ ತಿಳೀತದ. ಭಾಳ ಶಾಣ್ಯಾರವ್ವಾ ನೀವು. ಹಸದು ಸತ್ತಾಕೀ ಮುಂದ ಜೋಳದ ತೆನಿ ನಿಂದ್ರಿಸಿ, ಸುತ್ತ ಉಣ್ಣಲಿಕ್ಕೆ ಕುಂತ್ರಿ. ಆಕಿಗೆ ಒಂದು ತುತ್ತು ಕೊಟ್ರೇನು?"

"ಯಾರ್ರಿ ಆಕಿ?"

"ಸೂಗಮ್ಮ. ನನ್ನ ಸವತಿ." ಒಂದು ಪುಟಾಣಿ ಬಾಯಿಗೆ ಹೋಯಿತು. "ಬಸರಿದ್ಲು. ಮುಂದ ತಾಟಿಟ್ರ ನೋಡ್ತಿದ್ಲು. ಬಾಯಿ ತಗೀಲಿಕ್ಕೆ ಬರ್ತಿದ್ದಿಲ್ಲ. ಕಣ್ಣೀರು ಮಾತ್ರ ತಾಟಿನ್ಯಾಗ ಬೀಳ್ತಿತ್ತು. ಪುಂಡಿಪಲ್ಯದ ಬಯಕಿ ಇತ್ತು ಆಕಿಗೆ. ಹಂಗೇ ಹೋದ್ಲು, ಹೊಟ್ಟ್ಯಾಗಿಂದೂ ಆಕೀ ಸಂಗಾಟನ ಹೋತು."

"ಯಾರ್ರೀ ಮಾಡ್ಸಿದ್ದು?"

"ಸತ್ತಾಕೀ ಹೆಸರು ಹೇಳೀನಿ. ಇದ್ದಾಕೀ ಹೆಸರು ಕೇಳಬ್ಯಾಡ."

ಪಡಸಾಲೆಯಲ್ಲಿ ಬರೀ ಅರೆಯುವ ಸದ್ದು. ಪದ್ಮಾ ಮುದುಕಿಯ ಕಾಲ ಹತ್ತಿರ ಕುಸಿದು ಕೂತಳು. "ನನಗ ಒಂದೇ ಕೂಸದ ಆಯಿ. ಅದರ ಬಾಯಿ ಬಿಡಸ್ರಿ."

ಮುದುಕಿ ತಗ್ಗಿದ ದನಿಯಲ್ಲಿ ಹೇಳಿದಳು. "ಅಮಾಸಿ ದಿನ, ಮಟಮಟ ಮಧ್ಯಾಹ್ನ. ಬಾಗಲಾ ಕಿಟಕಿ ಎಲ್ಲಾ ಹಾಕು. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ, ಹೆಸರ ಹಿಡದು ಒಮ್ಮೆ ಕರಿ. ಹೊಟ್ಟಿ ತುಂಬ ಉಣ್ಣಲಿ. ಉಂಡ ಮ್ಯಾಲೆ ಬಾಗಲ ತಗದು, ಹೋಗು ಅನ್ನು."

"ಅಷ್ಟೇನಾ?"

"ಅಷ್ಟೇನಾ ಅಂತಾಳ ನೋಡು!" ಮುದುಕಿ ಅವಳ ಮಣಿಕಟ್ಟು ಹಿಡಿದಳು. "ಉಂಡು ಎದ್ದವರಿಗೆ ಎಂದಾರ ಬರೇ 'ಹೋಗು' ಅಂದೀಯೇನು ನೀ? ಹೆಂಗಸಿನ ನಾಲಿಗಿಗೆ ಅದು ರೂಢಿ ಇಲ್ಲ. 'ಹೋಗಿ ಬಾ' ಅಂತದ. ಹಂಗಂದ್ರ ಆಕಿ ಬಂದೇಬಿಡ್ತಾಳ. 'ಬಾ' ಅನ್ನೂದು ಬರಬಾರದು. ಬರೇ ಹೋಗು. ನಾಯಿಗೆ ಅಂದ್ಹಂಗ."

ತಿರುಗಿ ಬರುವಾಗ ಬಸ್ಸಿನ ಉದ್ದಕ್ಕೂ ಪದ್ಮಾ ತುಟಿಯೊಳಗೆ ಅದೊಂದೇ ಮಾತು ರೂಢಿ ಮಾಡಿದಳು. ಹೋಗು. ಹೋಗು. ಪಕ್ಕದಲ್ಲಿ ಕೂತ ಹೆಂಗಸು ಎದ್ದು ಬೇರೆ ಕಡೆ ಕೂತಳು.

ಅಮಾವಾಸ್ಯೆಯ ದಿನ ನರಸಿಂಹರಾಯ ಕಂಪನಿಗೆ ಹೋಗಲಿಲ್ಲ. ಅವನಿಗೆ ನಂಬಿಕೆಯಿರಲಿಲ್ಲ. ಆದರೆ ಮಗಳ ಎದೆಗೂಡು ಕಾಣುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಕೂತ.

ಪದ್ಮಾ ಒಂದೊಂದಾಗಿ ಕಿಟಕಿ ಮುಚ್ಚಿದಳು. ಕಲ್ಲಿನ ಮನೆ ಒಳಗಿನಿಂದ ಬಾವಿಯಂತಾಯಿತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಣ್ಣಿಗೆ ಕೈ ಕಾಣದ ಕತ್ತಲೆ. ಗೋದಿಯನ್ನು ಗೋಡೆಯ ಹತ್ತಿರ ಮಂಚದ ಮೇಲೆ ಮಲಗಿಸಿದ್ದಳು. ರೊಟ್ಟಿಯ ಬಿಸಿ, ಬೆಳ್ಳುಳ್ಳಿಯ ಒಗ್ಗರಣೆ, ಪುಂಡಿಯ ಹುಳಿ ವಾಸನೆ ಕೋಣೆಯ ತುಂಬ ನಿಂತಿತ್ತು. ತಾಟನ್ನು ಒದ್ದೆ ಬಳೆಯ ಮುಂದಿಟ್ಟಳು.

"ಸೂಗಮ್ಮ, ಊಟಕ್ಕ ಬಾ."

ಏನೂ ಆಗಲಿಲ್ಲ.

ಆಮೇಲೆ ವಾಸನೆ ಬಂದಿತು. ಹಸಿದ ಬಾಯಿಯ ವಾಸನೆ. ಅಡಿಗೆಯ ಘಮವನ್ನು ಅದು ತಳ್ಳಿಕೊಂಡು ಬಂದಿತು. ಕುರ್ಚಿ ಕಲ್ಲಿನ ಮೇಲೆ ಎಳೆದ ಸದ್ದು. ಬಳೆಗಳ ಸದ್ದು. ಸಡಿಲವಾದ ಬಳೆಗಳು, ತೆಳ್ಳಗಿನ ಕೈಯಲ್ಲಿ ಮೇಲೆ ಕೆಳಗೆ ಜಾರುವ ಬಳೆಗಳು.

ರೊಟ್ಟಿ ಮುರಿಯಿತು.

ಮೊದಲ ತುತ್ತು. ಅಗಿಯುವ ಸದ್ದು. ಆತುರವಿಲ್ಲ. ಮರೆತ ಕೆಲಸವನ್ನು ನೆನಪಿಸಿಕೊಂಡು ಮಾಡುವಂತೆ. ಎರಡನೆಯ ತುತ್ತು. ಆಮೇಲೆ ಆತುರ. ಆಮೇಲೆ ಬಕಬಕನೆ. ಪದ್ಮಾ ಕತ್ತಲೆಯಲ್ಲೇ ಬಡಿಸಿದಳು. ತಾಟು ಬರಿದಾಯಿತು. ಮತ್ತೆ ಬಡಿಸಿದಳು. ತಣ್ಣನೆಯ ಬೆರಳು ಅವಳ ಬೆರಳಿಗೆ ತಗಲಿತು. ಉಣ್ಣುತ್ತ ಉಣ್ಣುತ್ತ ಅದು ಬಿಕ್ಕುತ್ತಿತ್ತು. ಪದ್ಮಾಳಿಗೆ ಹೆದರಿಕೆಯ ನಡುವೆಯೂ ಬಸುರಿಗೆ ಬಡಿಸುವಾಗ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು: ಇನ್ನಷ್ಟು ಹಾಕಿಸಿಕೋ ತಾಯಿ. ಕಚ್ಚಿ ಹಿಡಿದಳು.

ಅಗಿಯುವುದು ನಿಂತಿತು. ನೀಳವಾದ ಉಸಿರು. ಹೊಟ್ಟೆ ತುಂಬಿದವರ ಉಸಿರು.

ಅದೇ ಹೊತ್ತಿಗೆ ಮಂಚದಿಂದ ಸದ್ದು. ಹಲ್ಲುಗಳು ಬಿಟ್ಟುಕೊಂಡ ಸದ್ದು.

ಪದ್ಮಾ ಓಡಿ ಬಾಗಿಲ ಚಿಲಕ ತೆಗೆದಳು. ಬಿಸಿಲು 'ಧೊಪ್' ಎಂದು ಒಳಗೆ ಬಿದ್ದಿತು. ನೆಲದ ಫರಸಿಯ ಮೇಲೆ ಒದ್ದೆ ಹೆಜ್ಜೆ ಮೂಡಿತು. ಇನ್ನೊಂದು. ಮೇಜಿನಿಂದ ಬಾಗಿಲ ಕಡೆಗೆ. ಭಾರದ ಹೆಜ್ಜೆ, ಬಸುರಿಯ ಹೆಜ್ಜೆ.

"ಹೋಗು," ಎಂದಳು ಪದ್ಮಾ.

ಹೆಜ್ಜೆ ನಿಂತಿತು. ಕಾಯುತ್ತಿತ್ತು.

"ಹೋಗು!"

ಹೊಸ್ತಿಲ ಮೇಲೆ ಒಂದು ಒದ್ದೆ ಪಾದ. ಬಿಸಿಲಲ್ಲಿ ಹಸಿರು ಬಳೆಗಳು ಒಂದು ಗಳಿಗೆ ಮಿನುಗಿದವು. ಇನ್ನೊಂದು ಪಾದ ಎತ್ತಬೇಕು. ಎತ್ತಿತು. ಹೊರಗೆ ಇಡಬೇಕು.

"ಹೋಗಿ ಬಾ ಮಾಮೀ," ಎಂದಿತು ಸಣ್ಣ ದನಿ.

ಗೋದಿ ಮಂಚದ ಮೇಲೆ ಎದ್ದು ಕೂತಿದ್ದಳು. ತುಟಿ ಒಡೆದು ರಕ್ತ ಬಂದಿತ್ತು. ಮನೆಗೆ ಬಂದವರು ಹೊರಟಾಗ ಹೇಗೆ ಅನ್ನಬೇಕೆಂದು ಅವ್ವ ಕಲಿಸಿದ್ದಳೋ ಹಾಗೆಯೇ, ಕೈ ಬೀಸಿ, ನಗುತ್ತ. ಇಷ್ಟು ದಿನಗಳ ಮೇಲೆ ಆಡಿದ ಮೊದಲ ಮಾತು.

ಪಾದ ತಿರುಗಿತು.

ಹೆಜ್ಜೆ ಒಳಗೆ ಬಂತು. ಮಂಚದ ಕಡೆಗೆ. ಒಂದು. ಇನ್ನೊಂದು. ಪದ್ಮಾ ಹಾರಿ ನಡುವೆ ಬಿದ್ದಳು. ಮಗಳ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು.

"ಆಕಿ ಕರದಿಲ್ಲ! ನಾ ಕರದೀನಿ. ಸೂಗಮ್ಮ, ನಾನು! ನನ್ನ ಹತ್ರ ಬಾ!"

ಮುಖದ ಮೇಲೆ ತಣ್ಣನೆಯ ಉಸಿರು. ತುಟಿಯ ಮೇಲೆ ಒದ್ದೆ ಬೆರಳು. ನಾಲಿಗೆಯ ಮೇಲೆ ತಾಮ್ರದ ರುಚಿ. ಅಷ್ಟೇ.

ನರಸಿಂಹರಾಯ ಒಳಗೆ ಬಂದಾಗ ಮಗಳು "ಅಪ್ಪಾ, ಮೊಸರನ್ನ" ಎಂದು ಕೂಗುತ್ತಿದ್ದಳು.

ಕೆಲವು ದಿನ ಮನೆಯಲ್ಲಿ ಹಬ್ಬ. ಗೋದಿ ಉಂಡಳು, ಬೆಕ್ಕಿಗೆ ಬುದ್ಧಿ ಹೇಳಿದಳು, ಕೆನ್ನೆ ತುಂಬಿಕೊಂಡಳು. ಮೇಜಿನ ಮೇಲಿನ ಒದ್ದೆ ಬಳೆ ಒಣಗಿಹೋಗಿತ್ತು. ಒಂದು ಮಧ್ಯಾಹ್ನ ಅವಳು ಅಂಗಳದ ಪೇರಲ ಗಿಡದ ಕೆಳಗೆ ಆಡುತ್ತಿದ್ದಾಗ ಪದ್ಮಾ ಬಾಗಿಲಿಗೆ ಬಂದು ಕೂಗಿದಳು.

"ಗೋದೀ, ಊಟಕ್ಕ ಬಾ."

ಗೋದಿ ಓಡುತ್ತ ಬಂದಳು. ಅವಳ ಸಣ್ಣ ಧೂಳಿನ ಹೆಜ್ಜೆಗಳ ಪಕ್ಕದಲ್ಲಿ ದೊಡ್ಡ ಒದ್ದೆ ಹೆಜ್ಜೆಗಳು ಬಂದವು. ಮೇಜಿನ ಹತ್ತಿರ ಬರುವಷ್ಟರಲ್ಲಿ ಕೂಸಿನ ಬಾಯಿ ಮುಚ್ಚಿತ್ತು.

ಪದ್ಮಾ ಸೂಗಮ್ಮನಿಗೆಂದು ರೊಟ್ಟಿ ಬಡಿದು, ಪುಂಡಿಪಲ್ಯ ಬಡಿಸಿ ಇಟ್ಟಳು. ಮರುದಿನ ಬಾಯಿ ಬಿಟ್ಟಿತು. ಆಗ ಅವಳಿಗೆ ತಿಳಿಯಿತು. ಸೂಗಮ್ಮ ಈಗ ಗಿಂಡಿಯಲ್ಲಿ ಇರಲಿಲ್ಲ, ಮೇಜಿನ ಮೇಲೂ ಇರಲಿಲ್ಲ. ತನ್ನ ನಾಲಿಗೆಯ ಮೇಲೆ ಕೂತಿದ್ದಳು. ತಾನು 'ಬಾ' ಎಂದು ಯಾರನ್ನು ಕರೆದರೂ ಮೊದಲು ಬರುವವಳು ಅವಳೇ.

ಪದ್ಮಾ ಆ ಮಾತನ್ನು ಬಿಟ್ಟಳು. ಊಟಕ್ಕೆ ತಾಟು ಬಡಿದು ಕರೆದಳು. ಸ್ನಾನಕ್ಕೆ ಕೈ ಚಪ್ಪಾಳೆ ತಟ್ಟಿದಳು. ಗೋದಿ ಅದನ್ನೊಂದು ಆಟವೆಂದುಕೊಂಡು ನಕ್ಕಳು. ಆದರೆ ಕೂಸಿದ್ದ ಮನೆಯಲ್ಲಿ ಆ ಒಂದಕ್ಷರವಿಲ್ಲದೆ ಎಷ್ಟು ದಿನ ಬದುಕಲು ಸಾಧ್ಯ? ಒಮ್ಮೆ ಗೋದಿ ಕಟ್ಟೆಯಿಂದ ಬಿದ್ದು ಮೊಣಕಾಲು ಕೆತ್ತಿಕೊಂಡಳು. ರಕ್ತ ಕಂಡು ಚೀರಿ ಅವ್ವನ ಕಡೆ ಕೈಚಾಚಿದಳು. ಪದ್ಮಾ ತೋಳು ತೆರೆದಳು. ತೋಳಿನ ಜೊತೆಗೇ ಬಾಯೂ ತೆರೆಯಿತು.

"ಬಾ ನನ್ನ ಬಂಗಾರ."

ಆ ಸಲ ಬಾಯಿ ಬಿಡುವಷ್ಟರಲ್ಲಿ ಕೂಸು ಮತ್ತೆ ಎಲುಬಾಗಿತ್ತು.

"ಹುಬ್ಬಳ್ಳಿಗೆ ಒಯ್ರಿ," ಎಂದಳು ಪದ್ಮಾ ಗಂಡನಿಗೆ. "ನಿಮ್ಮ ಅಕ್ಕ ಜಾನಕೀಬಾಯಿಯವರ ಹತ್ರ ಬೆಳೀಲಿ."

"ನೀನೂ ನಡಿ."

"ನನ್ನ ದನಿ ಕೇಳದಲ್ಲೆ ಬೆಳೀಬೇಕು ಅದು."

ನರಸಿಂಹರಾಯ ವಾದಿಸಲಿಲ್ಲ. ಈಗ ಅವನೂ ಒದ್ದೆ ಹೆಜ್ಜೆಗಳನ್ನು ನೋಡಿದ್ದ.

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತ್ತು. ಕಲ್ಲಿದ್ದಲ ಹೊಗೆ, ಚಹಾದವರ ಕೂಗು, ಕಾದ ಹಳಿಯ ವಾಸನೆ. ಗೋದಿ ಅಪ್ಪನ ತೊಡೆಯ ಮೇಲೆ ನಿಂತು ಕಿಟಕಿಯ ಸರಳು ಹಿಡಿದುಕೊಂಡಿದ್ದಳು. ಹೊಸ ಫ್ರಾಕು, ಎರಡು ಜಡೆ. ಅವಳ ಕೈ ಪದ್ಮಾಳ ಕೈಯಲ್ಲಿತ್ತು.

"ಅತ್ತೀ ಮನ್ಯಾಗ ತೂಗುಮಂಚ ಅದಂತ ಅವ್ವಾ. ನಿನಗೂ ಜಾಗಾ ಹಿಡೀತೀನಿ."

ಪದ್ಮಾ ತಲೆಯಾಡಿಸಿದಳು.

ಇಂಜಿನ್ನು ಸಿಳ್ಳು ಹಾಕಿತು. "ನಾ ಹೋಗಿಬರ್ತೀನವ್ವಾ," ಎಂದಳು ಗೋದಿ, ದೊಡ್ಡವರ ಹಾಗೆ. ಅಂದು, ಕಾದಳು.

ಪದ್ಮಾ ಅವಳ ಬೆರಳುಗಳಿಗೆ ಮುತ್ತು ಕೊಟ್ಟಳು.

"ಹಂಗಲ್ಲ. ಹೋಗಿ ಬಾ ಅನ್ನು."

ನರಸಿಂಹರಾಯ ಮುಖ ತಿರುಗಿಸಿಕೊಂಡ.

"ಅನ್ನವ್ವಾ." ದನಿ ಒಡೆಯಿತು. "ನೀ ಅನ್ನದಿದ್ರ ನಾ ಹೆಂಗ ಬರ್ಲಿ?"

ಎದುರಿಗೆ ಕೂತಿದ್ದ ಮುದುಕಿಯೊಬ್ಬಳಿಗೆ ತಡೆಯಲಾಗಲಿಲ್ಲ. "ಕೂಸು ಕೇಳಾಕತ್ತದಲ್ಲ ಯವ್ವಾ. ಒಂದು ಮಾತು ಅಂದ್ರ ನಿನ್ನ ಗಂಟೇನು ಹೋಗ್ತದ?"

ಗಾಡಿ ಅಲುಗಾಡಿತು. ಕೈ ಜಾರತೊಡಗಿತು. ಪದ್ಮಾ ಜೊತೆಗೆ ನಡೆದಳು. ಆಮೇಲೆ ಓಡಿದಳು. ಗೋದಿ ಈಗ ಜೋರಾಗಿ ಅಳುತ್ತಿದ್ದಳು. ಅನ್ನು ಅವ್ವಾ, ಅನ್ನು, ಎನ್ನುತ್ತಿದ್ದಳು. ನಾಲಿಗೆಯ ಮೇಲೆ ತಾಮ್ರದ ರುಚಿ ಏರುತ್ತಿತ್ತು. ತೆರೆದ ಬಾಯಿಯನ್ನೇ ಅದು ಕಾಯುತ್ತಿತ್ತು.

"ಹೋಗು," ಎಂದಳು ಪದ್ಮಾ.

ಗೋದಿಯ ಅಳು ನಿಂತಿತು. ಅವ್ವನನ್ನು ಗುರುತು ಹತ್ತದವಳಂತೆ ನೋಡಿದಳು. ಆಮೇಲೆ ಸರಳಿನಿಂದ ಕೈ ಬಿಟ್ಟು, ಅಪ್ಪನ ಎದೆಯ ಕಡೆ ತಿರುಗಿದಳು.

ಗಾಡಿಯ ಕೊನೆಯ ಡಬ್ಬಿ ಸಿಗ್ನಲ್ ದಾಟಿ, ಹೊಗೆಯೂ ಕರಗುವತನಕ ಪದ್ಮಾ ಪ್ಲಾಟ್‌ಫಾರಂನ ತುದಿಯಲ್ಲಿ ನಿಂತಿದ್ದಳು. ಸೆರಗನ್ನು ಬಾಯಿಯ ತುಂಬ ತುರುಕಿಕೊಂಡು, ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಿದ್ದಳು.